‘ಇಂಡಿಕಾ’ ಎಂಬ ಹೆಸರು ಮತ್ತು ಭಂಗಿಯ ಗುಣ

ಚಳಿಗಾಲ ಕಳೆಯುತ್ತ ಬಂದಂತೆ ಯಮುನೆಯ ದಡದಲ್ಲಿಯೂ ನೋಯಿಡಾ, ಗಾಜಿಯಾಬಾದುಗಳ ಪಾಳು ನಿವೇಶನಗಳಲ್ಲಿಯೂ ಬೆರಳು ಬಿಡಿಸಿದ ಹಸ್ತದಂತಹ ಎಲೆಯುಳ್ಳ ಗಿಡವೊಂದು ಯಾರ ಆರೈಕೆಯನ್ನೂ ಬಯಸದೆ ಎದ್ದು ನಿಲ್ಲುತ್ತದೆ. ಕರ್ನಾಟಕದಿಂದ ಹೊಸದಾಗಿ ದಿಲ್ಲಿಗೆ ಬಂದವರು ಅದನ್ನು ಗುರುತಿಸುವುದು ಅಪರೂಪ; ಅದು ಭಂಗಿಯ ಗಿಡವೆಂದು ತಿಳಿದಾಗ ಬೆರಗಾಗುತ್ತಾರೆ. ಆದರೆ ಹೆಸರು ಕನ್ನಡಕ್ಕೆ ಹೊಸದಲ್ಲ. ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ ಎಂಬ ಗಾದೆಯೇ ಅದಕ್ಕೆ ಸಾಕ್ಷಿ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿ ಗಾಂಜಾ ಪ್ರಸಾದರೂಪದಲ್ಲಿ ಸಲ್ಲುವ ಸಂಗತಿಯನ್ನು ೨೦೨೦ರಲ್ಲಿ ವೃತ್ತಪತ್ರಿಕೆಗಳು ವರದಿಮಾಡಿದ್ದುವು.

ಇತ್ತೀಚೆಗೆ ಈ ಗಿಡದ ವಿಚಾರದಲ್ಲಿ ಹೊಸದೊಂದು ಪರಿಭಾಷೆ ನಗರದ ತರುಣರ ಬಾಯಲ್ಲಿ ಕೇಳಿಬರುತ್ತಿದೆ. ೨೦೧೮ರಿಂದ ಮಾರಾಟಕ್ಕೆ ಅನುಮತಿಯಿರುವ ಕೆನಡಾದಂತಹ ದೇಶಗಳ ಅಂಗಡಿಗಳಲ್ಲಿ ಸರಕನ್ನು ‘ಇಂಡಿಕಾ’, ‘ಸಟೈವಾ’ ಎಂದು ವಿಂಗಡಿಸಿ, ಎರಡರ ಬೆರಕೆಯಲ್ಲಿ ಮೊದಲನೆಯ ಅಂಶ ಹೆಚ್ಚಿದ್ದರೆ ‘ಇಂಡಿಕಾಪ್ರಧಾನ’ವೆಂದು ಚೀಟಿ ಅಂಟಿಸುವರು. ಇಂಡಿಕಾ ಕುಳ್ಳಾಗಿ ಪೊದೆಗಟ್ಟುವ ಅಗಲ ಎಲೆಯ ಗಿಡ, ಮೈಗೆ ವಿಶ್ರಾಂತಿಯನ್ನೂ ಕಣ್ಣಿಗೆ ನಿದ್ರೆಯನ್ನೂ ತರುವಂಥದು. ಸಟೈವಾ ನೀಳವಾದ ಕಿರಿದೆಲೆಯ ಗಿಡ, ಮನಸ್ಸನ್ನು ಎಬ್ಬಿಸುವಂಥದು ಎಂಬುದು ವರ್ತಕರ ವಿವರಣೆ. ಭಾರತದ ಹೆಸರನ್ನೇ ಹೊತ್ತ ಸೌಮ್ಯವಾದ ಮೂಲಿಕೆ ಎಂಬ ಭಾವನೆ ಇದರಿಂದ ಹುಟ್ಟುವುದು ಸಹಜ. ಅದು ಎಷ್ಟರಮಟ್ಟಿಗೆ ನಿಜವೆಂಬುದು ಪರಿಶೀಲನಾರ್ಹ.

ಮೊದಲು ಹೆಸರಿನ ವಿಚಾರ. ಸ್ವೀಡನ್ನಿನ ಲಿನೇಯಸನು ೧೭೫೩ರಲ್ಲಿ ಯೂರೋಪಿನಲ್ಲಿ ನಾರಿಗಾಗಿ ಬೆಳೆಯುತ್ತಿದ್ದ ಸೆಣಬಿಗೆ ‘ಕ್ಯಾನಬಿಸ್ ಸಟೈವಾ’ ಎಂದು ನಾಮಕರಣ ಮಾಡಿದನು. ಸಟೈವಾ ಎಂದರೆ ಬಿತ್ತಿ ಬೆಳೆದದ್ದು ಎಂದರ್ಥ. ೧೭೮೫ರಲ್ಲಿ ಫ್ರಾನ್ಸಿನ ಲಾಮಾರ್ಕನು ಭಾರತದಿಂದ ಬಂದ ಮಾದರಿಗಳನ್ನು ನೋಡಿ, ಕಾಂಡ ಗಡುಸಾದದ್ದು, ತೊಗಟೆ ತೆಳುವಾದದ್ದು, ನಾರಿಗೆ ಬಾರದೆ ಅಮಲಿಗೆ ಮಾತ್ರ ಒದಗುವಂಥದು ಎಂದು ವಿವರಿಸಿ ‘ಕ್ಯಾನಬಿಸ್ ಇಂಡಿಕಾ’ ಎಂಬ ಬೇರೆ ಹೆಸರನ್ನಿತ್ತನು. ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದಿದೆ: ಲಾಮಾರ್ಕನು ವರ್ಣಿಸಿದ ಭಾರತೀಯ ಗಿಡದ ಎಲೆ ಬಲು ಕಿರಿದು. ಇಂದು ಇಂಡಿಕಾ ಎಂದು ಮಾರುವ ಅಗಲ ಎಲೆಯ ಕುಳ್ಳ ಗಿಡದ ಮೂಲ ಹಿಂದೂಕುಶ್ ಪರ್ವತದ ಆಚೀಚೆ, ಆಫ್ಘಾನಿಸ್ತಾನದ ಕಡೆಗಿದೆ. ಕೇರಳದ ಬೆಟ್ಟಗಳಲ್ಲಿ ಬೆಳೆಯುವ ನೀಳವಾದ ಗಿಡವನ್ನು ಅದೇ ವರ್ತಕರು ಸಟೈವಾ ಎನ್ನುತ್ತಾರೆ. ಭಾರತದ ಗಿಡದಿಂದ ಭಾರತದ ಹೆಸರನ್ನು ಕಿತ್ತು ನೆರೆಯ ನಾಡಿನ ಗಿಡಕ್ಕೆ ತೊಡಿಸಿದಂತಾಯಿತು! ಸಸ್ಯಶಾಸ್ತ್ರಜ್ಞರಲ್ಲಿಯೂ ಒಮ್ಮತವಿಲ್ಲ, ೧೯೭೬ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬುವರು ಎರಡನ್ನೂ ಒಂದೇ ಜಾತಿಯ ಉಪಜಾತಿಗಳೆಂದು ಪರಿಗಣಿಸಿದರು.

ಇನ್ನು ಗುಣದ ವಿಚಾರ. ಅಮಲಿಗೆ ಮುಖ್ಯ ಕಾರಣವಾದ ಟೆಟ್ರಾಹೈಡ್ರೋಕ್ಯಾನಬಿನಾಲನ್ನು ೧೯೬೪ರಲ್ಲಿ ಇಸ್ರೇಲಿನ ಗಾವೋನಿ ಮತ್ತು ಮೆಶೂಲಂ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಮಿದುಳಿನ ನರಕೋಶಗಳ ಮೇಲಿರುವ ಕೆಲವು ಗ್ರಾಹಕಗಳಿಗೆ ತಗುಲಿ ಕೆಲಸಮಾಡುತ್ತದೆ. ಅದೇ ಗ್ರಾಹಕಗಳಿಗಾಗಿ ದೇಹವು ತಾನೇ ತಯಾರಿಸುವ ವಸ್ತುವೊಂದು ೧೯೯೨ರಲ್ಲಿ ಪತ್ತೆಯಾದಾಗ ಸಂಶೋಧಕರು ಸಂಸ್ಕೃತದ ‘ಆನಂದ’ ಶಬ್ದವನ್ನು ಹಿಡಿದು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಗಿಡದಲ್ಲಿ ಅಮಲೇರಿಸದ ಕ್ಯಾನಬಿಡಯಾಲ್ ಎಂಬ ಇನ್ನೊಂದು ವಸ್ತುವೂ ಹಲವು ಪರಿಮಳದ್ರವ್ಯಗಳೂ ಇರುತ್ತವೆ. ಇವುಗಳ ಪ್ರಮಾಣ ಎಲೆಯ ಅಗಲವನ್ನು ಅನುಸರಿಸುವುದಿಲ್ಲ. ೨೦೨೧ರಲ್ಲಿ ಪ್ರಕಟವಾದ ಒಂದು ಅನುವಂಶಿಕ ಅಧ್ಯಯನವು ಇಂಡಿಕಾ, ಸಟೈವಾ ಎಂಬ ಚೀಟಿಗಳಿಗೂ ಗಿಡಗಳ ವಂಶಸಂಬಂಧಕ್ಕೂ ಹೊಂದಿಕೆ ಅತ್ಯಲ್ಪವೆಂದು ತೋರಿಸಿತು. ಮಾವಿನಹಣ್ಣಿನಲ್ಲಿಯೂ ಇರುವ ಮಿರ್ಸೀನ್ ಮೊದಲಾದ ಕೆಲವು ಪರಿಮಳಗಳಲ್ಲಿ ಮಾತ್ರ ಭೇದ ಕಂಡುಬಂದಿತು. ಎಂದರೆ ಜನರು ಮೂಸಿ ನೋಡಿ ಜಾತಿಯನ್ನು ನಿರ್ಣಯಿಸುತ್ತಿದ್ದರೆಂದು ಹೇಳಬಹುದು.

ವಿಶ್ರಾಂತಿ ಎಂಬುದು ಸುಳ್ಳಲ್ಲ. ಅಲ್ಪ ಪ್ರಮಾಣದಲ್ಲಿ ಮೈ ಸಡಿಲವಾಗುತ್ತದೆ, ಬಾಯಿ ಒಣಗುತ್ತದೆ, ಕಣ್ಣು ಕೆಂಪೇರುತ್ತದೆ, ಹಸಿವು ಕೆರಳುತ್ತದೆ, ಕಾಲವು ನಿಧಾನವಾಗಿ ಸರಿದಂತೆ ತೋರುತ್ತದೆ. ಎದೆಬಡಿತ ಮಾತ್ರ ಹೆಚ್ಚುತ್ತದೆ. ಪ್ರಮಾಣ ಮೀರಿದರೆ ಅದೇ ವಸ್ತು ವಿಶ್ರಾಂತಿಗೆ ಬದಲು ಭೀತಿಯನ್ನೂ ಭ್ರಮೆಯನ್ನೂ ತರುತ್ತದೆ. ಎಳೆಯ ವಯಸ್ಸಿನವರಿಗೂ ಮನೋವಿಕಾರದ ಪ್ರವೃತ್ತಿ ವಂಶದಲ್ಲಿಯೇ ಇರುವವರಿಗೂ ಇದು ವಿಶೇಷವಾಗಿ ಅಪಾಯಕರ. ಸೇವಿಸುವ ರೀತಿಯೂ ಗಣ್ಯವಾದದ್ದು. ಹೊಗೆಯ ಪರಿಣಾಮ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಹೋಳಿಯಂದು ಬಾದಾಮಿ, ಸೋಂಪು, ಮೆಣಸುಗಳೊಡನೆ ಅರೆದು ಹಾಲಿನಲ್ಲಿ ಕದಡಿ ಕೊಡುವ ಠಂಡಾಯಿಯ ಭಂಗಿಯಾದರೋ ಹೊಟ್ಟೆಯ ದಾರಿ ಹಿಡಿಯುತ್ತದೆ. ಮಾದಕಾಂಶವು ಕೊಬ್ಬಿನಲ್ಲಿ ಕರಗುವಂಥದಾದ್ದರಿಂದ ಹಾಲು ಅದಕ್ಕೆ ತಕ್ಕ ವಾಹನ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ತೋರದೆ, ಅಷ್ಟರಲ್ಲಿ ಯಕೃತ್ತು ಅದನ್ನು ಇನ್ನಷ್ಟು ಪ್ರಬಲವಾದ ರೂಪಕ್ಕೆ ಮಾರ್ಪಡಿಸುತ್ತದೆ. ಮೊದಲ ಲೋಟ ಹತ್ತಲಿಲ್ಲವೆಂದು ಎರಡನೆಯದನ್ನು ಕುಡಿದವನು ಸಂಕಟಪಡುವುದು ಈ ಕಾರಣದಿಂದ. ನೆರೆಹೊರೆಯವರ ಉಪಚಾರಕ್ಕೆ ಕಟ್ಟುಬಿದ್ದು, ಅಭ್ಯಾಸವಿಲ್ಲದ ದಕ್ಷಿಣದವರು ಹೀಗೆ ತೊಂದರೆಗೆ ಸಿಕ್ಕುವುದುಂಟು. ಹಳೆಯ ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯು ಭಂಗಿಯನ್ನು ಅಫೀಮಿನೊಡನೆ ‘ವ್ಯವಾಯಿ’ ವರ್ಗದಲ್ಲಿ, ಎಂದರೆ ಜೀರ್ಣವಾಗುವ ಮುನ್ನವೇ ದೇಹವೆಲ್ಲ ವ್ಯಾಪಿಸುವ ದ್ರವ್ಯಗಳಲ್ಲಿ, ಸೇರಿಸುತ್ತದೆ. ಇಂದಿನ ಅರಿವು ಇದನ್ನು ಪೂರ್ತಿ ಒಪ್ಪದು. ಆದರೂ ಇದು ಸಾಮಾನ್ಯ ಆಹಾರವಲ್ಲವೆಂಬ ಗ್ರಹಿಕೆ ಹಿಂದಿನವರಲ್ಲಿತ್ತು.

ಬ್ರಿಟಿಷ್ ಸರ್ಕಾರವು ೧೮೯೩ರಲ್ಲಿ ನೇಮಿಸಿದ ಆಯೋಗವು ೧೧೯೩ ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ವಿಶೇಷ ಹಾನಿಯಿಲ್ಲ, ಅತಿಯಾದದ್ದು ಕೆಡುಕು, ಸಂಪೂರ್ಣ ನಿಷೇಧ ಅನಗತ್ಯ ಎಂದು ಮರುವರ್ಷ ವರದಿಯಿತ್ತಿತು. ಅದು ಎಲೆ, ಹೂತೆನೆ, ರಾಳಗಳನ್ನು—ಭಂಗಿ, ಗಾಂಜಾ, ಚರಸುಗಳನ್ನು—ಬೇರೆಬೇರೆಯಾಗಿ ಕಂಡಿತ್ತು. ೨೦೧೮ರ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರೂ ಇದೇ ಕ್ರಮವನ್ನು ಅನುಸರಿಸಿ, ದೇಶದಲ್ಲಿ ಸುಮಾರು ೨.೨ ಕೋಟಿ ಜನ ಭಂಗಿಯನ್ನೂ ೧.೩ ಕೋಟಿ ಜನ ಗಾಂಜಾ ಅಥವಾ ಚರಸನ್ನೂ ಬಳಸುವರೆಂದು ಅಂದಾಜುಮಾಡಿದರು.

೧೯೮೫ರ ಮಾದಕ ದ್ರವ್ಯಗಳ ಕಾಯಿದೆಯ ವಿಭಜನೆಯೂ ಇದೇ. ಹೂತೆನೆಯೊಡನೆ ಕೂಡಿರದ ಎಲೆ, ಬೀಜಗಳು ಅದರ ಗಾಂಜಾವ್ಯಾಖ್ಯೆಗೆ ಸೇರವು. ಆದ್ದರಿಂದ ಉತ್ತರ ಪ್ರದೇಶದಲ್ಲಿ ಪರವಾನಗಿ ಪಡೆದ ಭಂಗಿಯ ಅಂಗಡಿಗಳಿವೆ. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನಿನ ಪ್ರಕರಣವೊಂದರಲ್ಲಿ ಭಂಗಿ ಈ ಕಾಯಿದೆಯ ಮೇರೆಗೆ ನಿಷಿದ್ಧವೆಂದು ತೋರಿಸುವ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಹೂತೆನೆ ಬೆರೆತ ಕೂಡಲೆ ಸ್ಥಿತಿ ಬದಲಾಗುತ್ತದೆ: ಒಂದು ಕಿಲೋಗ್ರಾಮಿನವರೆಗಿನ ಗಾಂಜಾಕ್ಕೆ ಒಂದು ವರ್ಷದವರೆಗೂ, ಇಪ್ಪತ್ತು ಕಿಲೋಗ್ರಾಮಿಗೆ ಮೀರಿದರೆ ಕನಿಷ್ಠ ಹತ್ತು ವರ್ಷವೂ ಸೆರೆಮನೆ. ಚರಸಿನಲ್ಲಿ ಈ ಮಿತಿಗಳು ನೂರು ಗ್ರಾಂ ಮತ್ತು ಒಂದು ಕಿಲೋಗ್ರಾಂ. ಪೊಟ್ಟಣದ ಮೇಲಿನ ಇಂಡಿಕಾ, ಸಟೈವಾಗಳನ್ನು ಈ ಕಾಯಿದೆ ಲೆಕ್ಕಕ್ಕೇ ತೆಗೆದುಕೊಳ್ಳದು. ಅದರ ಪ್ರಕಾರ ಕ್ಯಾನಬಿಸ್ ಗಿಡವೆಂದರೆ ಆ ಕುಲದ ಯಾವುದೇ ಗಿಡ.