ಹಳೆಯ ಆಸ್ಪತ್ರೆ: ಕೆಡವುವುದೋ, ಉಳಿಸುವುದೋ?

ಯಾದಗಿರಿ, ಶಹಾಪುರ, ಸುರಪುರಗಳು ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆದುದರಿಂದ ಆ ರಾಜಧಾನಿಯ ಉಸ್ಮಾನಿಯಾ ಆಸ್ಪತ್ರೆಯ ಹೆಸರು ಈ ಸೀಮೆಯ ಹಿರಿಯರಿಗೆ ಹೊಸದಲ್ಲ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರಕ್ಕೆ ಸಿಕ್ಕಿ ಹಳೆಯ ಅಫ್ಜಲ್‌ಗಂಜ್ ಆಸ್ಪತ್ರೆಯು ನಾಶವಾದ ಬಳಿಕ, ಕೊನೆಯ ನಿಜಾಮರ ಕಾಲದಲ್ಲಿ, ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಗುಮ್ಮಟಗಳುಳ್ಳ ಈ ಭವ್ಯ ಕಟ್ಟಡವೆದ್ದಿತು. ೨೦೧೫ರಲ್ಲಿ ಇದನ್ನು ಕೆಡವುವ ಮಾತನ್ನು ಸರಕಾರವು ಎತ್ತಿದಾಗ ಬಲವಾದ ವಿರೋಧವುಂಟಾಯಿತು. ೨೦೨೦ರ ಜುಲೈ ತಿಂಗಳಲ್ಲಿ ಮಳೆನೀರು ವಾರ್ಡುಗಳಿಗೇ ನುಗ್ಗಿತು. ರೋಗಿಗಳನ್ನು ಬೇರೆಡೆಗೆ ಸಾಗಿಸಿ ಕಟ್ಟಡವನ್ನು ತೆರವು ಮಾಡಬೇಕಾಯಿತು.

ಇಂಥ ವಿವಾದಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಜನರು ಒಂದೆಂದು ಭಾವಿಸುವುದುಂಟು. ಕಟ್ಟಡವು ನಿಂತೀತೆ ಎಂಬುದು ಒಂದು. ಅದರಲ್ಲಿ ಆಸ್ಪತ್ರೆಯನ್ನು ನಡೆಸಬಹುದೆ ಎಂಬುದು ಇನ್ನೊಂದು.

ಮೊದಲನೆಯದನ್ನು ವಿಚಾರಿಸೋಣ. ಹಳೆಯ ಗೋಡೆಗಳನ್ನು ಹಿಡಿದಿರುವುದು ಸುಣ್ಣದ ಗಚ್ಚು. ಭೀಮಾ ತೀರದ ಪದರುಗಲ್ಲು ಸುಣ್ಣಕಲ್ಲೇ ಎಂಬುದನ್ನು ಶಹಾಪುರದ ಓದುಗರು ಬಲ್ಲರು. ಸುಣ್ಣಕಲ್ಲನ್ನು ಸುಟ್ಟಾಗ ಅದರಿಂದ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ಉಳಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗೋಡೆಗಿಟ್ಟರೆ, ಅದು ಗಾಳಿಯಿಂದ ಅದೇ ವಾಯುವನ್ನು ಹೀರಿ ಮೆಲ್ಲಮೆಲ್ಲನೆ ಪುನಃ ಕಲ್ಲಾಗುತ್ತದೆ. ಈ ಗಚ್ಚು ಸೂಕ್ಷ್ಮರಂಧ್ರಗಳುಳ್ಳದ್ದು. ಒಳಸೇರಿದ ತೇವವನ್ನು ಹೊರಬಿಡಬಲ್ಲದು. ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಸೆರೆಯಾಗುತ್ತದೆ. ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟಿ ಗಚ್ಚನ್ನು ಪುಡಿಮಾಡುತ್ತವೆ. ಎಷ್ಟೋ ಕಟ್ಟಡಗಳು ಮುಪ್ಪಿಗಿಂತ ಹೆಚ್ಚಾಗಿ ಇಂಥ ದುರಸ್ತಿಯಿಂದಲೇ ಕೆಟ್ಟಿವೆಯೆಂದರೆ ತಪ್ಪಾಗಲಾರದು.

ಬಿರುಕನ್ನು ಕಂಡೊಡನೆ ಹೆದರಬೇಕಾಗಿಯೂ ಇಲ್ಲ. ಅದಕ್ಕೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯೊಂದನ್ನು ಅಂಟಿಸಿ ಒಂದು ಬೇಸಿಗೆ, ಒಂದು ಮಳೆಗಾಲ ಕಾಯಬೇಕು. ಗಾಜು ಒಡೆದರೆ ಗೋಡೆಯು ಇನ್ನೂ ಸರಿಯುತ್ತಿದೆಯೆಂದರ್ಥ. ಒಡೆಯದಿದ್ದರೆ ಬಿರುಕು ಎಂದೋ ಬಿಟ್ಟು ನಿಂತುಹೋದದ್ದು.

ಇನ್ನು ಎರಡನೆಯ ಪ್ರಶ್ನೆ. ಎತ್ತರದ ಮಾಳಿಗೆ, ಸಾಲು ಕಿಟಕಿಗಳು—ಸೋಂಕನ್ನು ತಡೆಯಲು ಶುದ್ಧವಾದ ಗಾಳಿಯೇ ಮುಖ್ಯ ಆಸರೆಯಾಗಿದ್ದ ಕಾಲದ ವಾರ್ಡುಗಳು ಹೀಗಿದ್ದವು. ಇಂದಿನ ಶಸ್ತ್ರಚಿಕಿತ್ಸೆಯ ಕೋಣೆಗೆ ಸೋಸಿದ ಗಾಳಿ ಬೇಕು. ಹಾಸಿಗೆ ಹಾಸಿಗೆಗೂ ಆಮ್ಲಜನಕದ ಕೊಳವೆ ಬೇಕು. ಭಾರವಾದ ಯಂತ್ರಗಳನ್ನು ಹೊರುವ ನೆಲ ಬೇಕು. ಇದಕ್ಕಾಗಿ ಹಳೆಯ ಗೋಡೆಗಳನ್ನು ಕಂಡಕಂಡಲ್ಲಿ ಕೊರೆದರೆ ಕಟ್ಟಡಕ್ಕೂ ಕೇಡು, ರೋಗಿಗೂ ಕೇಡು. ಗೋಡೆ ಗಟ್ಟಿಯಾಗಿದ್ದರೂ ಆಸ್ಪತ್ರೆಯು ಅಲ್ಲಿಂದ ಹೊರಡಬೇಕಾಗಬಹುದು. ಹೈದರಾಬಾದಿನಲ್ಲಿ ೨೦೨೫ರ ಜನವರಿಯಲ್ಲಿ ಹೊಸ ಆಸ್ಪತ್ರೆಗೆ ಗೋಶಾಮಹಲಿನಲ್ಲಿ ಅಡಿಗಲ್ಲನ್ನಿಟ್ಟರು. ಜಾಗಕ್ಕಾಗಿ ಹಳೆಯದನ್ನು ಕೆಡವಬೇಕೆಂಬ ವಾದವು ಇದರಿಂದ ಬಲಗುಂದಿತೆಂದೇ ನಮ್ಮ ಅಭಿಪ್ರಾಯ.

ಆದರೆ ತೆರವಾದ ಕಟ್ಟಡಕ್ಕೆ ಬೇರೊಂದು ಕೆಲಸವನ್ನು ಕೊಡಬೇಕು. ಸುರಪುರದ ಟೇಲರ್ ಮಂಜಿಲನ್ನು ನೋಡಿರಿ. ೧೮೪೧ರಿಂದ ೧೮೫೩ರವರೆಗೆ ಅಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ವಾಸದ ಮನೆಯು ಮುಂದೆ ಅತಿಥಿಗೃಹವಾಗಿ ಬಳಕೆಗೆ ಬಂದಿತು. ಜನರ ಓಡಾಟವಿರುವಲ್ಲಿ ಸೋರುವ ತಾರಸಿಯು ಬೇಗನೆ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಕಟ್ಟಡದಲ್ಲಿ ಮಳೆನೀರಿನ ಕೊಳವೆ ಕಟ್ಟಿಕೊಂಡರೂ ನೋಡುವವರಿಲ್ಲ. ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಹುಟ್ಟುತ್ತದೆ. ಮೊದಲನೆಯ ಮಳೆಗಾಲದಲ್ಲಿ ಅದನ್ನು ಎರಡು ಬೆರಳಿನಿಂದ ಕೀಳಬಹುದು. ಕೆಲವು ವರ್ಷ ಕಳೆದರೆ, ಬೇರನ್ನು ತೆಗೆಯಲು ಗೋಡೆಯನ್ನೇ ಬಿಚ್ಚಬೇಕು.