ಕೆರೆ ಮೀನುಗಾರಿಕೆಗೆ ಹರಿಗೋಲು: ಮನೆಯಲ್ಲಿಯೇ ಸುಧಾರಣೆ

ವೈಟ್‌ಫೀಲ್ಡ್‌ನಾಚೆ ಹೊಸಕೋಟೆ, ಎಲೆಕ್ಟ್ರಾನಿಕ್ ಸಿಟಿಯಾಚೆ ಆನೇಕಲ್ ತಾಲ್ಲೂಕಿನ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಹಿಡಿಯುವವರಿಗೆ ಹರಿಗೋಲು ಅನುಕೂಲಕರ. ಅಲ್ಯೂಮಿನಿಯಂ ದೋಣಿಗಿಂತ ಇದಕ್ಕೆ ಖರ್ಚು ಕಡಿಮೆ. ಸಣ್ಣದನ್ನು ಒಬ್ಬರೇ ಹೊತ್ತೊಯ್ಯಬಹುದು. ಆದರೆ ತಳ ಸೋರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಬಿದಿರು: ಬಲಿತ ಬಿದಿರನ್ನೇ ಆರಿಸಬೇಕು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಅದರಲ್ಲಿನ ಸಕ್ಕರೆ, ಪಿಷ್ಟ ಕಡಿಮೆಯಾಗಿ ಕುಟ್ಟೆ ಹುಳುವಿನ ಬಾಧೆ ತಗ್ಗುತ್ತದೆ. ನಂತರ ನೆರಳಿನಲ್ಲಿ ಒಣಗಿಸಿ ಹೆಣೆಯಬೇಕು.

2. ಹೊದಿಕೆ: ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಹೊದಿಸಿ ಡಾಂಬರು ಬಳಿಯುವುದು ರೂಢಿಯಲ್ಲಿದೆ. ಡಾಂಬರನ್ನು ಬಯಲಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ನೀರು ಸೇರಿದರೆ ಅದು ಉಕ್ಕಿ ಸಿಡಿಯುವುದರಿಂದ ಪಾತ್ರೆ, ಕುಂಚ, ಹೊದಿಕೆ ಪೂರ್ಣ ಒಣಗಿರಬೇಕು. ಅತಿ ಬಿಸಿಯಾದ ಡಾಂಬರು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಬಿಸಿ ತಗ್ಗಿದ ಮೇಲೆ, ಆದರೆ ಗಟ್ಟಿಯಾಗುವ ಮೊದಲು ಬಳಿಯಬೇಕು. ಹೊಲಿಗೆಗಳ ಮೇಲೆ ಎರಡನೆಯ ಲೇಪ ಅವಶ್ಯ.

3. ತೇಲುಡಬ್ಬ: ಬಿಗಿಯಾಗಿ ಮುಚ್ಚಿದ 20 ಲೀಟರಿನ ಖಾಲಿ ಪ್ಲಾಸ್ಟಿಕ್ ಡಬ್ಬ ಸುಮಾರು 19 ಕಿಲೋ ಭಾರವನ್ನು ತೇಲಿಸಬಲ್ಲದು. ಎರಡು ಡಬ್ಬಗಳನ್ನು ಒಳ ಅಂಚಿಗೆ ಎದುರುಬದುರಾಗಿ ಕಟ್ಟಿದರೆ, ಹರಿಗೋಲಿಗೆ ನೀರು ತುಂಬಿದರೂ ಹಿಡಿದುಕೊಳ್ಳಲು ಆಸರೆ ಸಿಗುತ್ತದೆ. ಕೀಟನಾಶಕದ ಡಬ್ಬ ಬಳಸಬಾರದು. ಉಳಿದ ವಿಷ ಮೀನಿಗೆ ಮಾರಕ.

4. ಪರೀಕ್ಷೆ: ಆಳಿನ, ಬಲೆಯ, ಮೀನಿನ ಒಟ್ಟು ತೂಕದಷ್ಟು ಮರಳು ಚೀಲಗಳನ್ನಿಟ್ಟು, ದಡದ ಬಳಿ ಒಂದು ಗಂಟೆ ತೇಲಬಿಡಬೇಕು. ಒಸರುವ ಜಾಗ ಗುರುತಿಸಿ, ಒಣಗಿಸಿ, ಮತ್ತೆ ಲೇಪಿಸಬೇಕು.

ಬಲೆ ಎಳೆಯುವಾಗ ಎದ್ದು ನಿಂತರೆ ಹರಿಗೋಲು ಮಗುಚುತ್ತದೆ, ಕುಳಿತೇ ಎಳೆಯಬೇಕು. ಈಜು ಬಲ್ಲವರೂ ಲೈಫ್ ಜಾಕೆಟ್ ತೊಡದೆ ನೀರಿಗಿಳಿಯಬಾರದು.