ಆರು ಸಾವಿರ ಆಗಿಲ್ವಲ್ಲ!

ಆ ಭಾನುವಾರ ಹಾಸನದಲ್ಲಿ ನನಗೊಂದು ನೇಮಕಾತಿ ಪರೀಕ್ಷೆ ಇತ್ತು. ಡಿಗ್ರಿ ಮುಗಿಸಿ ಎರಡು ವರ್ಷ ಅದಕ್ಕಾಗಿಯೇ ಓದಿದ್ದೆ. ಒಂಬತ್ತೂವರೆಗೆ ಗೇಟ್ ಮುಚ್ಚುತ್ತಾರೆ ಎಂದು ಹಾಲ್ ಟಿಕೆಟ್‌ನಲ್ಲಿ ದಪ್ಪ ಅಕ್ಷರದಲ್ಲಿತ್ತು. ಭಾನುವಾರದ ಬಸ್ ನಂಬಿ ಕೂರುವುದು ಬೇಡ ಎಂದುಕೊಂಡು ಅಪ್ಪನ ಹಳೇ ಹೀರೋ ಹೊಂಡಾ ತೆಗೆದುಕೊಂಡು ಬಾಳ್ಳುಪೇಟೆಯಿಂದ ಹೊರಟೆ. ಹೆದ್ದಾರಿ ಖಾಲಿ. ಖುಷಿಗೆ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿಯೇ ತಿರುಗಿಸಿದೆ.

ಪಾಳ್ಯ ದಾಟಿ ಸ್ವಲ್ಪ ದೂರ ಹೋಗಿರಬೇಕು. ಇಂಜಿನ್ ಯಾಕೋ ಬಿಗಿ ಹಿಡಿದಂತಾಯಿತು. ಏನಾಗುತ್ತಿದೆ ಎಂದು ತಿಳಿಯುವ ಮುಂಚೆಯೇ ಹಿಂದಿನ ಚಕ್ರ ಕಿರುಚಿ ಗಾಡಿ ನಿಂತೇ ಹೋಯಿತು. ಬೀಳದೆ ಉಳಿದದ್ದು ಪುಣ್ಯ. ಕಿಕ್ಕರ್ ತುಳಿದರೆ ಕಲ್ಲು ತುಳಿದಂತೆ, ಅಲುಗಾಡಲಿಲ್ಲ. ಗಾಡಿಯನ್ನು ಒಂದು ಟೀ ಅಂಗಡಿಯ ಪಕ್ಕ ನಿಲ್ಲಿಸಿ, ಕೈ ಅಡ್ಡ ಹಾಕಿ ಹಾಕಿ, ಕೊನೆಗೊಂದು ಲಾರಿ ಹತ್ತಿ ಪರೀಕ್ಷಾ ಕೇಂದ್ರ ಮುಟ್ಟಿದಾಗ ಒಂಬತ್ತು ಐವತ್ತು. ಗೇಟಿನ ಹೊರಗೆ ನನ್ನಂತೆಯೇ ಇನ್ನೂ ಮೂವರು ನಿಂತಿದ್ದರು. ಯಾರನ್ನೂ ಒಳಗೆ ಬಿಡಲಿಲ್ಲ.

ಸಂಜೆ ಗೂಡ್ಸ್ ಆಟೋದಲ್ಲಿ ಗಾಡಿ ವಾಪಸ್ ಬಂತು. ಮೆಕ್ಯಾನಿಕ್ ಅಣ್ಣ ಕೆಳಗಿನ ಬೋಲ್ಟ್ ಬಿಚ್ಚಿ ತಟ್ಟೆ ಇಟ್ಟರು. ಹೆಚ್ಚುಕಡಿಮೆ ಒಂದು ಲೀಟರ್ ಇರಬೇಕಾದ ಕಡೆ ಸುರಿದದ್ದು ಎರಡು ಟೀ ಲೋಟವೂ ತುಂಬದಷ್ಟು ಕಪ್ಪು ಗಸಿ.

‘ಆಯಿಲ್ ಎಲ್ಲೋ ಹೋಯ್ತು ಮಾರಾಯಾ? ಯಾವಾಗ ಹಾಕ್ಸಿದ್ದೆ?’

‘ಅಣ್ಣ, ಆರು ಸಾವಿರ ಕಿಲೋಮೀಟರಿಗೆ ಹಾಕ್ಸಬೇಕು ಅಂತ ಪುಸ್ತಕದಲ್ಲಿದೆ. ನಂದಿನ್ನೂ ನಾಲ್ಕು ಸಾವಿರದ ನಾನೂರು. ಆರು ಸಾವಿರ ಆಗಿಲ್ವಲ್ಲ!’

ಅವರು ನಗಲಿಲ್ಲ. ‘ಅದೇ ಪುಸ್ತಕದಲ್ಲಿ ಮೂರು ಸಾವಿರಕ್ಕೆ ಟಾಪ್ ಅಪ್ ಮಾಡು, ಆಗಾಗ ಲೆವೆಲ್ ನೋಡ್ಕೋ ಅಂತಾನೂ ಇರುತ್ತೆ. ಅದನ್ನ ಓದ್ಲಿಲ್ವಾ?’ ಎಂದರು. ಸಾಮಾನ್ಯ ಜ್ಞಾನದ ನಾಲ್ಕು ಪುಸ್ತಕ ಅರೆದು ಕುಡಿದವನು ಗಾಡಿಯ ಪುಸ್ತಕದಲ್ಲಿ ಒಂದೇ ಸಾಲು ಓದಿದ್ದೆ, ಅದೂ ನನಗೆ ಬೇಕಾದ ಸಾಲು ಮಾತ್ರ.

ಬೋರ್ ಕೆಲಸ, ಪಿಸ್ಟನ್ ಕಿಟ್, ಗೂಡ್ಸ್ ಆಟೋ ಬಾಡಿಗೆ ಎಲ್ಲ ಸೇರಿ 6,800 ರೂಪಾಯಿ. ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿರುವ ಅಪ್ಪ ಅಷ್ಟೂ ದುಡ್ಡು ಎಣಿಸಿ ಕೊಟ್ಟರು. ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು: ‘ನಮ್ಮ ಸ್ಪ್ರಿಂಕ್ಲರ್ ಪಂಪ್‌ಸೆಟ್ ಎಷ್ಟು ಕಿಲೋಮೀಟರ್ ಓಡುತ್ತೆ, ಹೇಳು?’

ಆ ಪ್ರಶ್ನೆ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಫೆಬ್ರುವರಿ–ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹಾಯಿಸುವಾಗ ಎಸ್ಟೇಟಿನ ಡೀಸೆಲ್ ಇಂಜಿನ್ ಹಗಲು ರಾತ್ರಿ ನಿಂತಲ್ಲೇ ನಿಂತು ದುಡಿಯುತ್ತದೆ. ಒಂದಡಿಯೂ ಮುಂದೆ ಹೋಗುವುದಿಲ್ಲ. ಆದರೂ ಅದರ ಆಯಿಲ್ ಸವೆಯುತ್ತದೆ. ಅಪ್ಪ ನೋಟ್‌ಬುಕ್ಕಿನಲ್ಲಿ ಅದು ಓಡಿದ ಗಂಟೆ ಬರೆದು, ಅದರ ಮೇಲೆ ಆಯಿಲ್ ಬದಲಿಸುತ್ತಾರೆ. ಕಿಲೋಮೀಟರ್ ಎನ್ನುವುದು ಇಂಜಿನ್ ಎಷ್ಟು ದುಡಿಯಿತು ಎಂದು ಊಹಿಸಲು ಇರುವ ಒಂದು ಅಳತೆ, ಅಷ್ಟೇ.

ನನ್ನ ಗಾಡಿಯ ದುಡಿಮೆ ಎಂಥದು? ಮನೆಯಿಂದ ಬಾಳ್ಳುಪೇಟೆ ಬಸ್‌ಸ್ಟ್ಯಾಂಡಿಗೆ ನಾಲ್ಕು ಕಿ.ಮೀ. ಅಲ್ಲಿ ಗಾಡಿ ನಿಲ್ಲಿಸಿ ಹಾಸನದ ಬಸ್ ಹತ್ತುತ್ತೇನೆ. ಸಂಜೆ ಮತ್ತೆ ನಾಲ್ಕು. ದಿನಕ್ಕೆ 8, ತಿಂಗಳಿಗೆ 200. ಈ ಲೆಕ್ಕದಲ್ಲಿ 6,000 ಆಗಲು ಎರಡೂವರೆ ವರ್ಷ ಬೇಕು! ಅಷ್ಟರಲ್ಲಿ ಎರಡು ಮಳೆಗಾಲ ಮುಗಿದಿರುತ್ತವೆ. ನಮ್ಮ ಕಡೆಯ ಮಳೆಗಾಲ ಎಂದರೆ ಗೊತ್ತಲ್ಲ, ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಇಂಜಿನ್ ಒಳಗಿನ ತೇವ ಎಲ್ಲಿ ಒಣಗೀತು?

ಮೆಕ್ಯಾನಿಕ್ ಅಣ್ಣ ಇದನ್ನು ಬಿಡಿಸಿ ಹೇಳಿದರು. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ, ಜೊತೆಗೆ ಉರಿಯದೆ ಉಳಿದ ಚೂರು ಪೆಟ್ರೋಲ್, ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ನಾಲ್ಕೇ ಕಿಲೋಮೀಟರಿಗೆ ಆಫ್ ಮಾಡಿದರೆ ಅಲ್ಲೇ ಉಳಿಯುತ್ತವೆ. ಆಯಿಲ್ ತೆಳ್ಳಗಾಗುತ್ತದೆ, ಗಸಿ ಕಟ್ಟುತ್ತದೆ. ಇನ್ನೊಂದು ಕಡೆ, ಹಳೇ ಇಂಜಿನ್ ಸ್ವಲ್ಪ ಸ್ವಲ್ಪವೇ ಆಯಿಲ್ ಸುಡುತ್ತಿರುತ್ತದೆ. ಆಯಿಲ್ ಕಮ್ಮಿ ಆಗಿದೆ ಎಂದು ಹೇಳಲು ನನ್ನ ಗಾಡಿಯಲ್ಲಿ ದೀಪವೂ ಇಲ್ಲ. ತೆಳ್ಳಗಾದ, ಅಳತೆಗೆ ಕಾಲು ಭಾಗವೂ ಇಲ್ಲದ ಆಯಿಲ್‌ನಲ್ಲಿ ನಾನು ಆ ದಿನ ಹೆದ್ದಾರಿಯಲ್ಲಿ ರೇಸ್ ಕೊಟ್ಟಿದ್ದೆ.

ಹಾಗಾದರೆ ಎಷ್ಟಕ್ಕೊಮ್ಮೆ ಬದಲಿಸಬೇಕು? ಹಾಸನದಲ್ಲಿ ಡೆಲಿವರಿ ಕೆಲಸ ಮಾಡುವ ನನ್ನ ಗೆಳೆಯ ದಿನಕ್ಕೆ 80 ಕಿ.ಮೀ. ಓಡಿಸುತ್ತಾನೆ. ಅವನಿಗೆ ಮೂರು ತಿಂಗಳಿಗೇ 6,000 ಆಗುತ್ತದೆ. ಅವನು ಕಿಲೋಮೀಟರ್ ನೋಡಬೇಕು. ನಾನು ಕ್ಯಾಲೆಂಡರ್ ನೋಡಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆ ಬಿಟ್ಟು ಕಾಫಿ ಕೊಯ್ಲು ಶುರುವಾಗುವ ಮುಂಚೆ ಇನ್ನೊಂದು ಸಲ ಎಂದು ಅಣ್ಣ ನನಗೆ ಲೆಕ್ಕ ಹಾಕಿಕೊಟ್ಟರು. ಅಂತೂ ಪುಸ್ತಕದ ಗಡುವು ಮೀರಬಾರದು. ಅದಕ್ಕಿಂತ ಎಷ್ಟು ಮುಂಚೆ ಎನ್ನುವುದು ನಾವು ಗಾಡಿಯನ್ನು ಹೇಗೆ ಓಡಿಸುತ್ತೇವೆ ಎನ್ನುವುದರ ಮೇಲೆ.

ರಿಪೇರಿ ಮುಗಿದಾಗ ಯಾವ ಆಯಿಲ್ ಹಾಕುವುದು ಎಂಬ ಪ್ರಶ್ನೆ ಬಂತು. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ತನ್ನ ಕಾರಿಗೆ ತಂದು ಉಳಿದಿದ್ದ ದುಬಾರಿ ಸಿಂಥೆಟಿಕ್ ಆಯಿಲ್ ಕೊಟ್ಟ. ‘ನಿನ್ನ ಗಾಡಿ ಬೆಲೆಗಿಂತ ಇದೇ ಜಾಸ್ತಿ, ಹಾಕ್ಸು’ ಎಂದು ತಮಾಷೆ ಮಾಡಿದ. ಮೆಕ್ಯಾನಿಕ್ ಅಣ್ಣ ಡಬ್ಬ ತಿರುಗಿಸಿ ನೋಡಿ ವಾಪಸ್ ಇಟ್ಟರು. ‘ಒಳ್ಳೇ ಆಯಿಲೇ. ಕಾರಿಗೆ.’

ಕಾರಿನ ಇಂಜಿನ್ ಆಯಿಲ್ ಅದರ ಕ್ಲಚ್ಚನ್ನು ಮುಟ್ಟುವುದಿಲ್ಲ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಇಂಜಿನ್, ಗೇರ್, ಕ್ಲಚ್ ಪ್ಲೇಟ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಮೈಲೇಜ್ ಹೆಚ್ಚಿಸಲೆಂದು ಕಾರಿನ ಕೆಲವು ಆಯಿಲ್‌ಗಳಿಗೆ ಜಾರಿಕೆ ಹೆಚ್ಚಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕ್ಲಚ್ ಪ್ಲೇಟಿಗೆ ಅಂಟಿದರೆ ಪ್ಲೇಟ್ ಜಾರುತ್ತದೆ. ದಿಣ್ಣೆ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ಬೈಕ್ ಆಯಿಲ್‌ಗೆ ಬೇರೆ ಗುರುತು ತಂದರು. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿದ್ದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಸರಿ. ಎಂಬಿ ಎಂದಿದ್ದರೆ ಸಾಮಾನ್ಯವಾಗಿ ಗೇರಿಲ್ಲದ ಸ್ಕೂಟರಿಗೆ. ತಂಗಿಯ ಸ್ಕೂಟರಿನ ಆಯಿಲ್ ಅಣ್ಣನ ಬೈಕಿಗೆ ಸುರಿಯುವ ಮುಂಚೆ ಇದನ್ನೊಮ್ಮೆ ನೋಡಿ.

ಅದೇ ಡಬ್ಬದ ಮೇಲೆ 10ಡಬ್ಲ್ಯು-30 ಎಂದು ಇನ್ನೊಂದು ಗುರುತು ಇರುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕಿ ದೊಡ್ಡದಿದ್ದಷ್ಟೂ ಇಂಜಿನ್ ಕಾದಾಗ ಆಯಿಲ್ ದಪ್ಪಗಿರುತ್ತದೆ. ‘ಹಳೇ ಗಾಡಿ ತಾನೇ, 20ಡಬ್ಲ್ಯು-50 ಹಾಕ್ಸಿಬಿಡ್ಲಾ?’ ಎಂದೆ. ‘ದಪ್ಪ ಆಯಿಲ್ ಹಾಕಿದ್ರೆ ಸದ್ದು ಕಮ್ಮಿ ಆಗಬಹುದು, ಸವೆದಿದ್ದು ವಾಪಸ್ ಬರಲ್ಲ. ಕಂಪನಿಯೋರು ಯಾವ ನಂಬರ್ ಬರೆದಿದ್ದಾರೋ ಅದನ್ನೇ ಹಾಕ್ಸು’ ಎಂದರು. ಎಪಿಐ ಎಂಬ ಗುರುತಿನ ಮುಂದೆ ಎಸ್‌ಜೆ, ಎಸ್‌ಎಲ್, ಎಸ್‌ಎನ್ ಎಂಬ ಅಕ್ಷರಗಳಿರುತ್ತವೆ. ಎರಡನೇ ಅಕ್ಷರ ಮುಂದಿನದಾದಷ್ಟೂ ಹೊಸ ದರ್ಜೆ. ಪುಸ್ತಕ ಕೇಳಿದ್ದು ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು. ಮಿನರಲ್ಲೋ ಸಿಂಥೆಟಿಕ್ಕೋ ಎನ್ನುವುದು ಇವೆಲ್ಲ ಹೊಂದಿದ ಮೇಲಿನ ಮಾತು. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್ ಬೇಡವೇ ಬೇಡ. ಸೀಲ್ ನಿಮ್ಮ ಎದುರೇ ಒಡೆಯಲಿ. ನನಗೆ ಬೇಕಾದ ಆಯಿಲ್‌ಗೆ ಕೊಟ್ಟದ್ದು 400 ರೂಪಾಯಿ ಚಿಲ್ಲರೆ.

ಹೊಸ ಪಿಸ್ಟನ್ ಕೂತುಕೊಳ್ಳುವಾಗ ಲೋಹದ ಪುಡಿ ಬರುತ್ತದೆಂದು 500 ಕಿ.ಮೀ.ಗೆ ಒಮ್ಮೆ ಬದಲಿಸಿಕೊಟ್ಟರು. ಅದಾಗಿ ಎರಡೇ ತಿಂಗಳಿಗೆ ಮತ್ತೆ ಹೋದೆ, ‘ಆಯಿಲ್ ಕಪ್ಪಾಗಿದೆ ಅಣ್ಣ’ ಎಂದು. ಬೈಸಿಕೊಂಡೆ. ಆಯಿಲ್ ಇಂಜಿನ್ನಿನ ಮಸಿ ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪಾಗುವುದು ಅದರ ಕೆಲಸ. ಹೆದರಬೇಕಾದ್ದು ಅದು ಹಾಲು ಬೆರೆಸಿದ ಕಾಫಿಯಂತೆ ಕಂಡಾಗ. ಅಂದರೆ ನೀರು ಸೇರಿದೆ. ಸುಮ್ಮಸುಮ್ಮನೆ ಬದಲಿಸಿದರೆ ದುಡ್ಡೂ ದಂಡ, ಹಳೇ ಆಯಿಲ್ ಎಲ್ಲಿ ಚೆಲ್ಲುವುದು ಎಂಬ ತಲೆನೋವು ಬೇರೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿದರೆ ನಮ್ಮ ಹಳ್ಳ, ಹೇಮಾವತಿಗಳಿಗೇ ಸೇರುತ್ತದೆ. ಅಣ್ಣ ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು, ಕೊಳ್ಳುವವರು ಬಂದಾಗ ಕೊಡುತ್ತಾರೆ.

ಈಗ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಗಾಡಿಯನ್ನು ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕುತ್ತೇನೆ. ಎರಡು ಮೂರು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ಆಯಿಲ್ ಕಡ್ಡಿ ತೆಗೆದು ಒರೆಸಿ ಮತ್ತೆ ಇಳಿಸಿ ನೋಡುತ್ತೇನೆ. ನನ್ನ ಗಾಡಿಯಲ್ಲಿ ಇಳಿಸುವಾಗ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಬಾರದು. ಎರಡು ಗೀರಿನ ನಡುವೆ ಇದ್ದರೆ ಸರಿ, ಕೆಳಗಿನ ಗೀರಿಗೆ ಹತ್ತಿರವಾದರೆ ಅದೇ ಆಯಿಲ್ ಸ್ವಲ್ಪ ಸೇರಿಸುತ್ತೇನೆ. ಒಟ್ಟು ಹತ್ತು ನಿಮಿಷದ ಕೆಲಸ.

ಅಪ್ಪ ಪಂಪ್‌ಸೆಟ್ ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ನನ್ನ ಗಾಡಿಗೆ ಬಿಟ್ಟುಕೊಟ್ಟಿದ್ದಾರೆ. ದಿನಾಂಕ, ಕಿಲೋಮೀಟರ್, ಲೆವೆಲ್, ಮೂರೇ ಕಾಲಂ. ಮೊದಲ ಸಾಲನ್ನು ಅವರೇ ಬರೆದರು. ಉಳಿದದ್ದು ನನ್ನ ಅಕ್ಷರ. ಮುಂದಿನ ಪರೀಕ್ಷೆಯ ಅಧಿಸೂಚನೆ ಬಂದಿದೆ, ಅರ್ಜಿ ಹಾಕಿದ್ದೇನೆ. ಹಿಂದಿನ ದಿನ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಹಾಲ್ ಟಿಕೆಟ್, ಪೆನ್ನು, ಗುರುತಿನ ಚೀಟಿ ಆದ ಮೇಲೆ ನಾಲ್ಕನೆಯದಾಗಿ ‘ಆಯಿಲ್ ನೋಡು’ ಎಂದು ಬರೆದುಕೊಂಡಿದ್ದೇನೆ.